ನಮ್ಮವರಿಗೆ ಬೇಯದ ಅಕ್ಕಿ

ನನ್ನ ಅತ್ತೆ ನನ್ನನ್ನು ಮನೆಯವಳೆಂದು ಒಪ್ಪಿಕೊಂಡದ್ದು ಮದುವೆಯಾದ ಹದಿನಾಲ್ಕನೆಯ ತಿಂಗಳಲ್ಲಿ, ನಾನಿಟ್ಟ ಅನ್ನ ಬೇಯದೆ ಉಳಿದ ದಿನ. ತಪ್ಪಲೆಯಿಂದ ಒಂದಗುಳು ತೆಗೆದು ಹಿಸುಕಿ ನೋಡಿದರು, ಕಟಕ್ಕೆಂದು ಕಡಿದು ನೋಡಿದರು, ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತು ಕೇರಿಗೆಲ್ಲ ಸಕ್ಕರೆ ಹಂಚಿದರು. ನಮ್ಮೂರಿನಲ್ಲಿ ತನ್ನವರಿಗೆ ತಾನಿಟ್ಟ ಅಕ್ಕಿ ಬೇಯುವುದಿಲ್ಲ. ನೀರು ಕೊತಕೊತ ಕುದಿಯುತ್ತದೆ, ಸೌದೆ ಉರಿದು ಬೂದಿಯಾಗುತ್ತದೆ, ಕಾಳು ಮಾತ್ರ ಕಲ್ಲಾಗಿಯೇ ಇರುತ್ತದೆ. ರಾಗಿಗೂ ಬೇಳೆಗೂ ಇದೇ ಪಾಡು. ಬೇರೆಯವರಿಗೆಂದು ಇಟ್ಟರೆ ಮಲ್ಲಿಗೆಯಂತೆ ಅರಳುತ್ತದೆ. ಆದ್ದರಿಂದ ಪ್ರತಿ ಮನೆಗೂ ಒಂದು ಜೋಡಿ ಮನೆ: ಅವರಿಗೆ ನಾವು, ನಮಗೆ ಅವರು. ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ಬೀದಿಗಳಲ್ಲಿ ಬೋಗುಣಿ, ಕ್ಯಾರಿಯರ್, ಮುಚ್ಚಿದ ತಪ್ಪಲೆಗಳು ಎದುರುಬದುರಾಗಿ ಓಡಾಡುವುದನ್ನು ಕಂಡರೆ ಪರವೂರಿನವರಿಗೆ ನಗು ಬರುತ್ತದೆ. ನಮಗೆ ಬರುವುದಿಲ್ಲ, ಹಸಿದಿರುತ್ತೇವೆ.

ಆದರೆ ಹತ್ತು ವರ್ಷ ಒಬ್ಬರ ಕೈಯ ಅನ್ನ ಇನ್ನೊಬ್ಬರು ಉಂಡ ಮೇಲೆ ಜೋಡಿ ಮನೆಯವರೂ ನಮ್ಮವರೇ ಆಗಿಬಿಡುತ್ತಾರೆ. ಒಂದು ದಿನ ಅಲ್ಲೂ ಅನ್ನ ಗಟ್ಟಿ. ಆಗ ಜೋಡಿ ಬದಲಿಸಬೇಕು. ಅದಕ್ಕೊಂದು ಅರ್ಜಿ, ಅರ್ಜಿಗೊಂದು ಕಚೇರಿ, ಕಚೇರಿಯಲ್ಲಿ ಗುಮಾಸ್ತೆ ವನಜಾಕ್ಷಿ, ಅಂದರೆ ನಾನು. ಇದೆಲ್ಲ ಶುರುವಾದಾಗ ಗಂಡ ಹೋಗಿ ಹನ್ನೊಂದು ವರ್ಷವಾಗಿತ್ತು, ಅತ್ತೆ ಹೋಗಿ ಎಂಟು. ನಮ್ಮವರೆಂದು ಯಾರೂ ಇಲ್ಲದ್ದರಿಂದ ಊರಿನ ಯಾರಿಗೆ ಅನ್ನವಿಟ್ಟರೂ ನನ್ನ ಕೈಯಲ್ಲಿ ಬೇಯುತ್ತಿತ್ತು. ಕಚೇರಿಯ ಹಿಂದಿನ ಕೋಣೆಯಲ್ಲಿ ಪರೀಕ್ಷೆಯ ಒಲೆ ಇದೆ. ಅರ್ಜಿದಾರರು ನಮ್ಮ ಕಣ್ಣೆದುರಿಗೇ ಒಂದು ಹಿಡಿ ಅಕ್ಕಿ ಇಟ್ಟು, ಅದು ಬೇಯಲಿಲ್ಲವೆಂದು ತೋರಿಸಿದ ಮೇಲೇ ಠಸ್ಸೆ. ಪುಸ್ತಕದಲ್ಲಿ ಜೋಡಿಯೆಂದು ಬರೆಯದ ಮನೆಗೆ ನಮ್ಮೂರಿನಲ್ಲಿ ಯಾರೂ ಒಂದು ಹಿಡಿ ಅಕ್ಕಿ ಇಡುವುದಿಲ್ಲ. ಯಾಕೆಂದು ಯಾರೂ ಕೇಳಿದ್ದಿಲ್ಲ, ನಾನಂತೂ ಕೇಳಿರಲಿಲ್ಲ.

ಊರ ಹೊರಗೆ ಇಟ್ಟಿಗೆ ಸುಡುವ ಗೂಡುಗಳಿವೆ. ಅಲ್ಲಿ ಒಂದೇ ಸೂರಿನಡಿ ಸಾಲಾಗಿ ಹತ್ತೊಂಬತ್ತು ಮನೆ. ಒಟ್ಟಿಗೆ ವಲಸೆ ಬಂದವರು, ಒಟ್ಟಿಗೆ ಮಣ್ಣು ತುಳಿದವರು, ಒಬ್ಬರ ಮಕ್ಕಳನ್ನು ಒಬ್ಬರು ಎತ್ತಿ ಬೆಳೆಸಿದವರು. ಅವರವರ ನಡುವೆ ಅನ್ನ ಬೇಯುವ ಪ್ರಶ್ನೆಯೇ ಇಲ್ಲ. ಜೋಡಿ ಬೇಕೆಂದು ನಾಲ್ಕು ಸಲ ಅರ್ಜಿ ಹಾಕಿದ್ದರು. ನಾಲ್ಕು ಸಲವೂ ವಾಪಸು ಕಳಿಸಿದವಳು ನಾನೇ. ಮೊದಲ ಸಲ ಮನೆ ನಂಬರಿಲ್ಲ ಎಂದೆ. ಎರಡನೆಯ ಸಲ ಗೂಡಿನ ಮಾಲೀಕರ ಸಹಿ ಇಲ್ಲ ಎಂದೆ. ಮೂರನೆಯ ಸಲ ಏನೆಂದೆನೋ ನೆನಪಿಲ್ಲ. ನಾಲ್ಕನೆಯ ಸಲ, ಊರಿನ ಹತ್ತೊಂಬತ್ತು ಮನೆಯವರ ಒಪ್ಪಿಗೆ ಪತ್ರ ಲಗತ್ತಿಸಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಯಾರೂ ಒಪ್ಪುವುದಿಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಒಪ್ಪಿದರೆ ಅವರ ಕೈಯಿಂದಲೂ ಉಣ್ಣಬೇಕಲ್ಲ. ಹೀಗಾಗಿ ಆ ಹತ್ತೊಂಬತ್ತು ಮನೆ ವರ್ಷಗಟ್ಟಲೆ ನೆನೆಸಿದ ಅವಲಕ್ಕಿ, ಮೊಳಕೆ ಕಾಳು, ಹಸಿ ಶೇಂಗಾ ತಿಂದುಕೊಂಡು ಇಟ್ಟಿಗೆ ಸುಡುತ್ತಿತ್ತು.

ಐದನೆಯ ಸಲ ಅರ್ಜಿ ತರಲಿಲ್ಲ. ಒಂದು ಸೋಮವಾರ ಹನ್ನೊಂದು ಗಂಟೆಗೆ ದುಗ್ಗಮ್ಮ ಎಂಬ ಹೆಂಗಸು, ಅವಳ ತಮ್ಮ ಓಬಯ್ಯ, ಇಬ್ಬರೂ ಒಳಗೆ ಬಂದು ಬಾಗಿಲಿಗೆ ಅಗಣಿ ಹಾಕಿದರು. ಓಬಯ್ಯನ ಕೈಯಲ್ಲಿ ಹಾರೆ, ದುಗ್ಗಮ್ಮನ ಕೈಯಲ್ಲಿ ಸೀಮೆಎಣ್ಣೆ ಡಬ್ಬ. ಒಳಗಿದ್ದದ್ದು ನಾನು, ನನ್ನ ಮೇಲಧಿಕಾರಿ ಶೇಷಗಿರಿ ಸಾಹೇಬರು. ಬೀರುವಿನಲ್ಲಿದ್ದ ಜೋಡಿ ಪುಸ್ತಕಗಳನ್ನೆಲ್ಲ ಬಾಗಿಲಿಗೆ ಒರಗಿಸಿ ಪೇರಿಸಿ, ಮೇಲೆ ಎಣ್ಣೆ ಸುರಿದರು. ದುಗ್ಗಮ್ಮ ಕಿಟಕಿಯ ಸರಳು ಹಿಡಿದು ಬೀದಿಗೆ ಕೂಗಿದಳು: "ನಮ್ಮ ಹತ್ತೊಂಬತ್ತು ಮನೇನೂ ಬುಕ್ಕಿಗೆ ಹತ್ತಬೇಕು! ಒಳಕ್ಕೆ ನುಗ್ಗಿದ್ರೆ ಬುಕ್ಕು ಸುಟ್ಟೋಯ್ತವೆ, ನೀವೂ ನಮ್ಮಂಗೆ ಅವಲಕ್ಕಿ ತಿನ್ನಿ!" ಊರಿಗೆ ಎದೆ ಧಸಕ್ಕೆಂದಿತು. ಪುಸ್ತಕ ಹೋದರೆ ಯಾರ ಮನೆಗೆ ಯಾರು ಎಂಬುದೇ ಹೋದಂತೆ. ಪೊಲೀಸರು ಎದುರಿನ ಜಗಲಿಯ ಮೇಲೆ ಬಂದು ಕೂತರು. ಹೀಗೆ ಶುರುವಾದದ್ದು ನಲವತ್ತೈದು ದಿನ ನಡೆಯಿತು.

ಮೊದಲ ದಿನವೇ ಊಟದ ಮಾತು ಬಂತು. ಅಕ್ಕತಮ್ಮಂದಿರ ನಡುವೆ ಅನ್ನ ಬೇಯುವುದಿಲ್ಲ. ನಾನು ಸಾಹೇಬರಿಗೂ ನನಗೂ ಏನಾದರೂ ಹೊಂದಿಸಿಕೊಳ್ಳೋಣವೆಂದು ಎದ್ದರೆ ದುಗ್ಗಮ್ಮ ತಡೆದಳು.

"ಹಂಗಲ್ಲ ಮೇಡಮ್ಮೋರೆ. ನಮಗೆ ನೀವು, ನಿಮಗೆ ನಾನು. ಜೋಡಿ ಅಂದ್ರೆ ಹಂಗೇ ತಾನೆ?"

ಹಾರೆ ಹಿಡಿದವರೊಂದಿಗೆ ವಾದವೇನು? ಪರೀಕ್ಷೆಯ ಅಕ್ಕಿಯನ್ನೇ ತೊಳೆದು ಅವರಿಗಾಗಿ ಇಟ್ಟೆ. ಅಷ್ಟು ಚೆನ್ನಾಗಿ ಅನ್ನ ಬೆಂದದ್ದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ, ಅಷ್ಟು ಕೋಪವಿತ್ತು ನನಗೆ. ದುಗ್ಗಮ್ಮ ಬಿಸಿ ಅನ್ನಕ್ಕೆ ಉಪ್ಪು ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟಳು. ಅಗಿಯಲಿಲ್ಲ. ಬಾಯೊಳಗೆ ಹಾಗೇ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಳು. "ಬಿಸಿ ಐತೆ ಕಣೋ," ಎಂದಳು ತಮ್ಮನಿಗೆ. ನಾನು ಮುಖ ಆ ಕಡೆ ತಿರುಗಿಸಿದೆ. ಅವಳಿಟ್ಟ ಅನ್ನವನ್ನು ಸಾಹೇಬರು ಮುಟ್ಟಲಿಲ್ಲ. ಗೂಡಿನವರ ಕೈಯ ಅನ್ನ ಉಣ್ಣುವುದಕ್ಕಿಂತ ಸಾಯುತ್ತೇನೆ ಎಂದು ಎರಡು ದಿನ ಬಾಳೆಹಣ್ಣಿನಲ್ಲೇ ಕಳೆದರು. ಮೂರನೆಯ ದಿನ ಬೇಳೆ ಸಾರಿನ ಒಗ್ಗರಣೆ ಮೂಗಿಗೆ ಬಡಿದಾಗ ಸಾಯುವ ವಿಚಾರ ಮುಂದಕ್ಕೆ ಹಾಕಿದರು. ಮೂರು ಸಲ ಬಡಿಸಿಕೊಂಡರು.

ಊರ ಸಭೆಯವರು ದಿನಕ್ಕೊಮ್ಮೆ ಕಿಟಕಿಯಲ್ಲಿ ಅಕ್ಕಿ, ಬೇಳೆ, ಸೌದೆ ಒಳಗೆ ತೂರಿಸಿ, ಒಂದಷ್ಟು ಮಾತಾಡಿ ಹೋಗುತ್ತಿದ್ದರು. ಮೊದಲು ಆರು ಮನೆಗೆ ಜೋಡಿ ಕೊಡುತ್ತೇವೆ ಎಂದರು, ಆಮೇಲೆ ಎರಡಕ್ಕೆ ಇಳಿದರು, ಆಮೇಲೆ ಪರಿಶೀಲಿಸುತ್ತೇವೆ ಎಂದರು. ಒಳಗೆ ನಾವು ನಾಲ್ವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂರುತ್ತಿದ್ದೆವು. ಎರಡು ಜೊತೆ ಕೈ ಒಂದೇ ಮೊರದಲ್ಲಿ ಆಡುವಾಗ ಎಷ್ಟು ದಿನವೆಂದು ಬಾಯಿಗೆ ಬೀಗ ಹಾಕಿಕೊಂಡಿರಲು ಸಾಧ್ಯ? ದುಗ್ಗಮ್ಮ ತನ್ನ ಗಂಡ ಗೂಡು ಕುಸಿದು ಸತ್ತದ್ದನ್ನು ಹೇಳಿದಳು. ನಾನು ನನ್ನವರು ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು ಹೇಳಿದೆ. ನನ್ನ ಸೊಂಟ ಹಿಡಿದುಕೊಂಡಾಗ ಒಲೆಯ ಒಂದು ಇಟ್ಟಿಗೆ ಕಿತ್ತು, ಕಾಯಿಸಿ, ಬಟ್ಟೆ ಸುತ್ತಿ ಶಾಖ ಕೊಟ್ಟಳು. "ಇದು ನಾನೇ ಹೊಡೆದ ಇಟ್ಗೆ ಅಕ್ಕಾ, ನೋಡಿ, ಮೂಲೆ ಮುರಿದಿಲ್ಲ," ಎಂದು ನಕ್ಕಳು. ಮೇಡಮ್ಮೋರು ಹೋಗಿ ಅಕ್ಕ ಯಾವಾಗ ಬಂತೋ ಇಬ್ಬರೂ ಗಮನಿಸಲಿಲ್ಲ.

ಇಪ್ಪತ್ತಾರನೆಯ ದಿನ ನಾನಿಟ್ಟ ಅನ್ನ ಬೇಯಲಿಲ್ಲ. ಸೌದೆ ಹಸಿಯೆಂದು ಬೈದೆ. ಇನ್ನೊಂದು ತಂಬಿಗೆ ನೀರು ಹೊಯ್ದೆ. ಜೋಡಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಊರಿನವರ ಗಟ್ಟಿ ಅನ್ನ ಹಿಸುಕಿ ನೋಡಿ ಠಸ್ಸೆ ಒತ್ತಿದವಳು, ನನ್ನದೇ ತಪ್ಪಲೆಯ ಮುಂದೆ ಕೂತು ಸೌದೆಯನ್ನು ಬೈಯುತ್ತಿದ್ದೆ! ಅಷ್ಟರಲ್ಲಿ ದುಗ್ಗಮ್ಮ ಸಾಹೇಬರಿಗೂ ನನಗೂ ಎಂದು ಇಟ್ಟ ತಪ್ಪಲೆ ಇಳಿಸಿದಳು. ಒಂದೇ ತಪ್ಪಲೆ, ಎರಡು ಬಗೆಯ ಅಗುಳು. ಈಚೆ ಅರ್ಧ ಮೆತ್ತಗೆ ಅರಳಿತ್ತು, ಆಚೆ ಅರ್ಧ ಕಲ್ಲು. ನಾನೂ ದುಗ್ಗಮ್ಮನೂ ಒಬ್ಬರ ಮುಖ ಒಬ್ಬರು ನೋಡಲಾರದೆ ತಲೆ ತಗ್ಗಿಸಿದೆವು. ಎಂಟು ವರ್ಷದಿಂದ ಯಾರಿಗಿಟ್ಟರೂ ಬೇಯುತ್ತಿದ್ದ ಕೈ ನನ್ನದು. ನನಗೆ ಹಸಿವೆಯೂ ಆಗಿತ್ತು, ಅಳುವೂ ಬಂತು, ಯಾವುದು ಯಾವುದಕ್ಕೆಂದು ತಿಳಿಯದಷ್ಟು ಸಂತೋಷವೂ ಆಯಿತು.

ಬೇಸರವಾದದ್ದು ಸಾಹೇಬರಿಗೆ. ಮೆತ್ತಗಿನ ಅನ್ನವೆಲ್ಲ ಅವರ ಪಾಲಿಗೆ ಬಂದಿತ್ತು. ಕಲಸಿದ ಕೈ ಹಾಗೇ ನಿಂತಿತು.

"ಹಾಗಾದರೆ ನಾನು ಮಾತ್ರ ಹೊರಗಿನವನೇನಮ್ಮ?" ಎಂದರು ದುಗ್ಗಮ್ಮನಿಗೆ.

"ಅಯ್ಯೋ, ಅದ್ಕೇನು ಸಾಹೇಬ್ರೆ, ನೀವಾದ್ರೂ ಹೊರಗಿನೋರಾಗಿ ಉಳಿದ್ರಲ್ಲ, ಪುಣ್ಯ. ಇಲ್ದಿದ್ರೆ ನಾಳೆಯಿಂದ ನಮಗೆ ಯಾರು ಅನ್ನ ಇಡ್ತಾರೆ?"

ಆವತ್ತಿನಿಂದ, ಮನೆಯಲ್ಲಿ ಒಲೆಯ ಕಡೆ ತಲೆಹಾಕಿಯೂ ಮಲಗದ ಮನುಷ್ಯ ಮೂವರಿಗೆ ಅಡುಗೆ ಮಾಡತೊಡಗಿದರು. ಕಣ್ಣಲ್ಲಿ ಹೊಗೆಯ ನೀರು, ಪಂಚೆಯಲ್ಲಿ ಮಸಿ. ಅನ್ನ ಮಾತ್ರ ಬೆಂದಿತು. ಅದು ಹಾಗೇ ಬೇಯುತ್ತಿರಬೇಕಾದರೆ ಅವರು ನಮಗೆ ಹತ್ತಿರವಾಗಬಾರದು, ನಾವು ಅವರಿಗೆ ಹತ್ತಿರವಾಗಬಾರದು. ಈ ಕೆಲಸವನ್ನು ನಾಲ್ವರೂ ಬಹಳ ಶ್ರದ್ಧೆಯಿಂದ ಮಾಡಿದೆವು. ಸಾಹೇಬರು ಗೋಡೆಗೆ ಮುಖ ಮಾಡಿ ಕೂರುವರು. ನಾವು ಏನಾದರೂ ಹೇಳಿ ನಕ್ಕರೆ ಅವರ ಭುಜ ಅಲುಗುವುದು. ಕೂಡಲೇ, "ನನ್ನನ್ನು ಮಾತಾಡಿಸಬೇಡಿ, ನಾಳೆ ಊಟ ಬೇಡವೇ?" ಎಂದು ಗದರುವರು. ಓಬಯ್ಯನಿಗೆ ದಿನಕ್ಕೆರಡು ಸಲ ಅವರನ್ನು ಬೈಯುವ ಕೆಲಸ.

"ನೀವು ಬಲೇ ಜಂಬದೋರು ಸಾಹೇಬ್ರೆ."

"ಸಾಲದು."

"ನಿಮ್ಮಂಥ ಕಲ್ಲೆದೆಯೋರು ಈ ಭೂಮಿ ಮ್ಯಾಲಿಲ್ಲ."

"ಹಾಂ, ಇದು ಪರವಾಗಿಲ್ಲ. ಸಾಯಂಕಾಲ ಇನ್ನೊಮ್ಮೆ ಬೈ."

ಹೀಗೆ ಹದಿನಾಲ್ಕು ದಿನ ದೂಡಿದೆವು. ಆಮೇಲೆ ಸಾಹೇಬರ ಸಕ್ಕರೆ ಕಾಯಿಲೆಯ ಗುಳಿಗೆ ಮುಗಿಯಿತು. ಮೊದಲು ಕೈ ನಡುಗಿತು, ಮರುದಿನ ಒಲೆ ಊದುತ್ತಲೇ ತಲೆ ಸುತ್ತಿ ಬಿದ್ದರು. ಗುಳಿಗೆ ಕೊಡಿ ಎಂದು ಓಬಯ್ಯ ಕಿಟಕಿಯಲ್ಲಿ ಕೇಳಿದ. ಸಭೆಯವರು ತಮ್ಮತಮ್ಮಲ್ಲಿ ಗುಸುಗುಸು ಮಾಡಿ, ಐದು ಪುಸ್ತಕ ಹೊರಗೆ ಕೊಟ್ಟರೆ ಒಂದು ಹಾಳೆ ಗುಳಿಗೆ ಎಂದರು. ಇದ್ದದ್ದೇ ಹನ್ನೆರಡು ಪುಸ್ತಕ. ಅವು ಒಳಗಿರುವವರೆಗೆ ಮಾತ್ರ ಪೊಲೀಸರು ಹೊರಗೆ. ಓಬಯ್ಯ ಅಕ್ಕನ ಮುಖ ನೋಡಿದ. ದುಗ್ಗಮ್ಮ ತಾನೇ ಎದ್ದು ಹೋಗಿ ಐದು ಪುಸ್ತಕ ಎಣಿಸಿ ತಂದು ತಮ್ಮನ ಕೈಗಿಟ್ಟಳು. ಸಾಹೇಬರು ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ಇದನ್ನು ನೋಡಿದರು.

ಮರುದಿನ ಅವರು ಎದ್ದು ಕೂತು ಅನ್ನಕ್ಕಿಟ್ಟರು. ಎಷ್ಟು ಹೊತ್ತಾದರೂ ತಪ್ಪಲೆಯ ಮುಂದಿನಿಂದ ಏಳಲಿಲ್ಲ. ನಾನು ಹೋಗಿ ನೋಡಿದರೆ ಸೌಟಿನಲ್ಲಿ ನಾಲ್ಕು ಅಗುಳು ಹಿಡಿದುಕೊಂಡು ಕೂತಿದ್ದಾರೆ, ಮುಖದ ತುಂಬ ನಗು, ಗಡ್ಡದ ತುಂಬ ಕಣ್ಣೀರು. "ಬೇಯಲಿಲ್ಲ ವನಜಾಕ್ಷಿ," ಎಂದರು, ಮಗ ಪಾಸಾದ ಸುದ್ದಿ ಹೇಳುವವರ ಹಾಗೆ. ಅವರಿಗೆ ನಾನಿಟ್ಟು ನೋಡಿದೆ, ದುಗ್ಗಮ್ಮ ಇಟ್ಟಳು, ಓಬಯ್ಯನೂ ಇಟ್ಟ. ಎಲ್ಲ ತಪ್ಪಲೆಯಲ್ಲೂ ಕಲ್ಲು. ಊರಿನ ಅಕ್ಕಿಯೆಲ್ಲ ತಂದು ಸುರಿದರೂ ಆ ಕೋಣೆಯಲ್ಲಿ ಒಬ್ಬರಿಗೊಬ್ಬರು ಒಂದು ತುತ್ತು ಅನ್ನ ಬೇಯಿಸಿಕೊಡಲಾರದ ಸ್ಥಿತಿಗೆ ಬಂದಿದ್ದೆವು.

ನಾಲ್ಕು ದಿನ ನೆನೆಸಿದ ಅಕ್ಕಿ ಅಗಿದೆವು. ಹೊರಗಿನವರಿಗೆ ಗೊತ್ತಾಗದಿರಲೆಂದು ಒಲೆ ಮಾತ್ರ ಉರಿಸುತ್ತಿದ್ದೆವು. ಓಬಯ್ಯ ಇನ್ನೊಂದು ವಾರ ತಡೆಯೋಣ ಎಂದ. ದುಗ್ಗಮ್ಮ ಸಾಹೇಬರ ಊದಿದ ಪಾದವನ್ನು ಒತ್ತಿ ನೋಡಿದಳು. ಒತ್ತಿದ ಬೆರಳಿನ ಗುಳಿ ಹಾಗೇ ಉಳಿಯಿತು.

"ಬ್ಯಾಡ ಕಣೋ. ಈವಯ್ಯ ಸಾಯ್ತಾನೆ. ಅಗಣಿ ತೆಗಿ."

"ನಾನು ಸಾಯೋದಿಲ್ಲ, ಸುಮ್ಮನಿರು," ಎಂದು ಸಾಹೇಬರು ಗದರಿದರು. ಆದರೆ ಅವಳು ಎದ್ದಾಗಿತ್ತು. ಆಗ ಅವರು ಉಳಿದ ಪುಸ್ತಕಗಳಲ್ಲಿ ಒಂದನ್ನು ತರಿಸಿ, ಸೀಮೆಎಣ್ಣೆ ವಾಸನೆಯ ಹಾಳೆಯಲ್ಲಿ ಗೂಡಿನ ಹತ್ತೊಂಬತ್ತು ಮನೆಗಳ ಯಜಮಾನರ ಹೆಸರನ್ನು ಒಂದೊಂದಾಗಿ ಬರೆದರು. ಜೋಡಿಯ ಕಾಲಂ ಖಾಲಿ. ಕೆಳಗೆ ಸಹಿ ಹಾಕಿದರು, ನಾನು ಠಸ್ಸೆ ಒತ್ತಿದೆ. "ಹೆಸರು ಹತ್ತಿದೆ. ಖಾಲಿ ಜಾಗ ತುಂಬಿಸುವುದು ನಿನ್ನ ಕೆಲಸ," ಎಂದರು ನನಗೆ.

ಬಾಗಿಲ ಬಳಿ ನಾನು ದುಗ್ಗಮ್ಮನ ಕೈ ಹಿಡಿದುಕೊಂಡು, ನಿಮಗೆ ಜೋಡಿಯಾಗಿ ನಾನೇ ಇದ್ದೇನೆ ಎಂದೆ. ಹೇಳಿದ ಮೇಲೆ ನನ್ನ ದಡ್ಡತನ ನನಗೇ ಹೊಳೆಯಿತು. ಅವಳು ನಕ್ಕಳೋ ಅತ್ತಳೋ.

"ನೀವು ನಮ್ಮೋರಾಗಿಬಿಟ್ರಲ್ಲಕ್ಕಾ. ನಮ್ಮೋರು ನಮಗೆ ಮೊದಲೇ ಹತ್ತೊಂಬತ್ತು ಮನೆ ತುಂಬ ಅವ್ರೆ. ನಮಗೆ ಬೇಕಾಗಿದ್ದು ಬ್ಯಾರೆಯೋರು."

ಹೊರಗೆ ಪೊಲೀಸರು ಅವರಿಬ್ಬರನ್ನು ಹಿಡಿದುಕೊಂಡು ಹೋದರು. ತಮ್ಮನಿಗೆ ಆರು ತಿಂಗಳು, ಅಕ್ಕನಿಗೆ ಒಂದು ವರ್ಷ. ಇಬ್ಬರೂ ನಮಗೇನೂ ಕೆಡುಕು ಮಾಡಲಿಲ್ಲ ಎಂದು ನಾನು ಸಾಕ್ಷಿ ಹೇಳಿದೆ. ನ್ಯಾಯಾಧೀಶರು, ಒತ್ತೆಯಿದ್ದವರು ಹೀಗೇ ಹೇಳುವುದು, ಅದೊಂದು ಭ್ರಮೆ ಎಂದರು. ಪರೀಕ್ಷೆಯ ಒಲೆಗೆ ಬನ್ನಿ ಸ್ವಾಮಿ ಎನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಸಭೆಯವರು ಒಂದು ಉಪಕಾರ ಮಾಡಿದರು: ಸಾಹೇಬರು ಬರೆದ ಹೆಸರುಗಳನ್ನು ಹೊಡೆದುಹಾಕಲಿಲ್ಲ. ಒಂದು ವರ್ಷದೊಳಗೆ ಜೋಡಿ ಸಿಕ್ಕರೆ ಇರಲಿ, ಸಿಗದ ಮನೆಯ ಹೆಸರು ಹೋಗಲಿ ಎಂದರು. ಸಿಗುವುದಿಲ್ಲವೆಂಬ ಧೈರ್ಯ.

ಜೈಲಿನ ಅಡುಗೆಯವನು ದುಗ್ಗಮ್ಮನಿಗೆ ಯಾರೂ ಅಲ್ಲ, ಅಲ್ಲಿ ಅವಳಿಗೆ ಅನ್ನ ಬೇಯುತ್ತಿತ್ತು. ನಾನು ನೋಡಲು ಹೋದಾಗ ಕೈಯಲ್ಲಿ ಒಯ್ಯುವುದಕ್ಕೆ ಬಾಳೆಹಣ್ಣು ಬಿಟ್ಟರೆ ಏನೂ ಇರುತ್ತಿರಲಿಲ್ಲ. ನಮ್ಮವರಿಗೆ ನಾವು ಕೊಡಬಹುದಾದದ್ದು ಇಷ್ಟೇ: ಬೇರೆಯವರ ಮನೆ ಬಾಗಿಲಲ್ಲಿ ನಿಂತು ಅವರ ಪರವಾಗಿ ಕೇಳಬಹುದು. ಕೇಳಿದೆ. ಚಪ್ಪಲಿ ಸವೆಯುವಷ್ಟು ಸುತ್ತಿದೆ. ಮುಖದ ಮೇಲೆ ಬಾಗಿಲು ಹಾಕಿದರು, ಗೂಡಿನವರ ವಕೀಲೆ ಎಂದು ಆಡಿಕೊಂಡರು. ಕೆಂಪು ಶಾಯಿಯಲ್ಲಿ ನಾನು ವಾಪಸು ಕಳಿಸಿದ ಅರ್ಜಿಯನ್ನೇ ಮಡಿಲಲ್ಲಿಟ್ಟುಕೊಂಡು, ನಾನೇ ಅಂಗಲಾಚಬೇಕಾಯಿತು. ಮೊದಲು ಒಪ್ಪಿದ್ದು ಒಬ್ಬ ದರ್ಜಿಯ ಮನೆ. ಆಮೇಲೆ ಕಿಟಕಿಯ ಎದುರು ಕಾವಲು ಕೂತಿದ್ದ ಒಬ್ಬ ಪೇದೆಯ ಹೆಂಡತಿ. ದುಗ್ಗಮ್ಮನ ಸಾರಿನ ವಾಸನೆ ಆ ಪೇದೆಯನ್ನು ನಲವತ್ತು ದಿನ ಕಾಡಿತ್ತಂತೆ. ಹೀಗೆ ಹನ್ನೊಂದು ತಿಂಗಳಲ್ಲಿ ಹದಿನೆಂಟು ಮನೆಯಾಯಿತು. ಹತ್ತೊಂಬತ್ತನೆಯದು ದುಗ್ಗಮ್ಮನದೇ. ಜೈಲಿಗೆ ಹೋದವಳಿಗೆ ಅನ್ನವಿಡಲು ಯಾರೂ ಒಪ್ಪಲಿಲ್ಲ.

ಉಳಿದದ್ದು ಒಂದೇ ಬಾಗಿಲು, ನಾನು ಬೇಕೆಂದೇ ತಪ್ಪಿಸಿಕೊಂಡು ತಿರುಗಿದ ಬಾಗಿಲು. ಆ ಮನೆಯ ಸುಭದ್ರಮ್ಮ ಹಾಸಿಗೆ ಹಿಡಿದ ತಂದೆಯೊಂದಿಗಿದ್ದವಳು. ಅವರ ಜೋಡಿ ಮನೆಯ ಅನ್ನ ಗಟ್ಟಿಯಾಗಿ, ಜೋಡಿ ಬದಲಿಸಲು ಅರ್ಜಿ ಕೊಟ್ಟಿದ್ದಳು. ಅದು ನನ್ನ ಮೇಜಿನ ಮೇಲಿದ್ದಾಗಲೇ ಕಚೇರಿಯ ಬಾಗಿಲು ಮುಚ್ಚಿತು. ಆ ನಲವತ್ತೈದು ದಿನಗಳಲ್ಲಿ ಒಂದು ದಿನ ಮುದುಕ ಬಿಸಿ ಗಂಜಿ ಬೇಕೆಂದು ಕೇಳಿ ಕೇಳಿ ಸತ್ತ. ಪುಸ್ತಕದಲ್ಲಿ ತಮಗೆ ಜೋಡಿಯಲ್ಲದ ಮನೆಗೆ ಊರಿನಲ್ಲಿ ಒಬ್ಬರೂ ಗಂಜಿ ಇಡಲಿಲ್ಲ.

ಹೋಗಿ ನಿಂತೆ. ಎಲ್ಲ ಹೇಳಿದೆ. ಅರ್ಜಿ ಶನಿವಾರವೇ ಬಂದಿತ್ತು, ಸೋಮವಾರ ನೋಡಿದರಾಯಿತೆಂದು ಇಟ್ಟವಳು ನಾನೇ ಎಂದೂ ಹೇಳಿದೆ.

"ಅವಳಿಗೆ ನಾನು ಇಡ್ತೀನಿ," ಎಂದಳು ಸುಭದ್ರಮ್ಮ. "ದಿನಾ ನನ್ನ ಕೈ ಅನ್ನ ಉಣ್ಣಲಿ. ಒಂದೊಂದು ತುತ್ತಿಗೂ ನಮ್ಮಪ್ಪ ನೆನಪಾಗಲಿ. ಕ್ಷಮಿಸ್ತೀನಿ ಅಂತ ಮಾತ್ರ ತಿಳ್ಕೋಬೇಡಿ."

ಇದಕ್ಕಿಂತ ಗಟ್ಟಿ ಜೋಡಿ ಇನ್ನೆಲ್ಲಿ ಸಿಕ್ಕೀತು? ಖಾಲಿ ಜಾಗದಲ್ಲಿ ಅವಳ ಹೆಸರು ಬರೆದೆ. ಜೈಲಿನಿಂದ ಬಂದ ದುಗ್ಗಮ್ಮನಿಗೆ ಮೊದಲೇ ಎಲ್ಲ ತಿಳಿಸಿದೆ. ಅವಳು ತಲೆಯಾಡಿಸಿದಳು, ಅಷ್ಟೇ. ಮಾರನೆಯ ದಿನದಿಂದ ಸುಭದ್ರಮ್ಮ ಗೂಡಿನ ಸಾಲಿನವರೆಗೂ ನಡೆದು ಹೋಗಿ, ಮಲ್ಲಿಗೆಯಂಥ ಅನ್ನವನ್ನು ಕಟ್ಟೆಯ ಮೇಲೆ ಕುಕ್ಕಿ, ಅವಳು ಉಂಡು ಮುಗಿಸುವವರೆಗೆ ನಿಂತು ನೋಡಿ ಬರುತ್ತಿದ್ದಳಂತೆ. ದುಗ್ಗಮ್ಮ ತಲೆಯೆತ್ತದೆ ಕೊನೆಯ ಅಗುಳಿನವರೆಗೂ ಉಣ್ಣುತ್ತಿದ್ದಳಂತೆ. ಸುಭದ್ರಮ್ಮನಿಗೆಂದು ಅವಳು ದಿನವೂ ಇಡುತ್ತಿದ್ದದ್ದು ಗಂಜಿ. ಮೊದಮೊದಲು ಸುಭದ್ರಮ್ಮ ಅದನ್ನು ಚೆಲ್ಲುತ್ತಿದ್ದಳೆಂದು ಕೇಳಿದೆ. ಆಮೇಲೆ ಚೆಲ್ಲುವ ಸುದ್ದಿ ಬರಲಿಲ್ಲ. ನಾನಾಗಿ ಕೇಳಲೂ ಹೋಗಲಿಲ್ಲ.

ಎರಡು ವರ್ಷ ಕಳೆದವು. ನಿನ್ನೆ ಹನ್ನೆರಡು ಗಂಟೆಗೆ ಸುಭದ್ರಮ್ಮ ಬಿಸಿಲಲ್ಲಿ ಏದುಸಿರು ಬಿಡುತ್ತ ಕಚೇರಿಗೆ ಬಂದು, ಸೆರಗಿನಲ್ಲಿ ಹಿಡಿದಿದ್ದ ತಪ್ಪಲೆಯನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು. ಮುಚ್ಚಳ ಹಾರಿಬಿತ್ತು. ಬಿಸಿನೀರಿನ ತಳದಲ್ಲಿ ಅಕ್ಕಿ ಹಾಗೇ ಕೂತಿತ್ತು.

"ಮೂರು ಸಲ ಇಟ್ಟೆ," ಎಂದಳು. "ನಮ್ಮಪ್ಪನ್ನ ನೆನಪು ಮಾಡ್ಕೊಂಡೇ ಇಟ್ಟೆ. ಆದ್ರೂ ಬೇಯಲಿಲ್ಲ."

ನಾನು ಒಂದಗುಳು ತೆಗೆದು ಹಿಸುಕಿದೆ. ಕುರ್ಚಿ ಎಳೆದು ಕೂರಿಸಿ, ಜೋಡಿ ಬದಲಿ ಅರ್ಜಿಯ ನಮೂನೆ ಮುಂದಿಟ್ಟೆ. ಅವಳು ಅದರ ಕಡೆ ಕಣ್ಣೂ ಹಾಯಿಸದೆ ಗೋಡೆಯ ಗಡಿಯಾರ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು.

"ಅರ್ಜಿ ಆಮೇಲೆ ಬರ್ಕೊಳ್ಳಿ. ಬೆಳಗ್ಗೆ ಆರರಿಂದ ಮಣ್ಣು ತುಳೀತಾ ಇದಾಳೆ ಅವಳು. ಈಗ ಮಧ್ಯಾಹ್ನಕ್ಕೆ ಅವಳಿಗೆ ಯಾರು ಅನ್ನ ಇಡ್ತಾರೆ, ಅದನ್ನ ಹೇಳಿ."